ಹೊಸೂರು ಎತ್ತ ಬೆಳೆಯಬೇಕು: ನಾಲ್ಕು ದಾರಿಗಳ ಹೋಲಿಕೆ

ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ತಮಿಳುನಾಡಿನ ಹೊಸೂರು ನಗರಸಭೆ 2019ರ ಫೆಬ್ರವರಿಯಲ್ಲಿ ಮಹಾನಗರ ಪಾಲಿಕೆಯಾಯಿತು. ಮೂರು ವರ್ಷಗಳ ನಂತರ, 2022ರ ಫೆಬ್ರವರಿಯಲ್ಲಿ, 45 ವಾರ್ಡುಗಳಿಗೆ ಚುನಾವಣೆ ನಡೆದು ಪಾಲಿಕೆಯ ಮೊದಲ ಮಂಡಳಿ ಅಧಿಕಾರಕ್ಕೆ ಬಂತು. 1970ರ ದಶಕದಲ್ಲಿ ಸಿಪ್‌ಕಾಟ್ (ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ) ಕೈಗಾರಿಕಾ ಪ್ರದೇಶ ತಲೆಯೆತ್ತಿದ ಮೇಲೆ ಶುರುವಾದ ಬೆಳವಣಿಗೆ ಇಂದಿಗೂ ನಿಂತಿಲ್ಲ. 2011ರ ಜನಗಣತಿಯಲ್ಲಿ ಹೊಸೂರು ಪಟ್ಟಣದ ಜನಸಂಖ್ಯೆ 1,16,821 ಇತ್ತು; ಜೂಜುವಾಡಿ, ಮೂಕಂಡಪಳ್ಳಿ, ಮತ್ತಿಗಿರಿ ಮೊದಲಾದ ಸುತ್ತಲಿನ ಊರುಗಳೂ ಸೇರಿರುವ ಇಂದಿನ ನಗರ ಆ ಸಂಖ್ಯೆಯನ್ನು ಬಹುದೂರ ದಾಟಿದೆ. ಇಷ್ಟು ವೇಗವಾಗಿ ಬೆಳೆಯುವ ಊರಿಗೆ ಮುಂದಿನ ಇಪ್ಪತ್ತು ವರ್ಷಗಳ ನಕ್ಷೆ ಬರೆಯುವಾಗ ಆಯ್ಕೆಗಳು ನಿಜವಾಗಿ ಏನೇನು, ಯಾವ ಆಯ್ಕೆಯಲ್ಲಿ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ಕನ್ನಡದಲ್ಲಿ ಒಂದೆಡೆ ಇಡುವುದು ಈ ಬರಹದ ಉದ್ದೇಶ. ತಳಿ, ಬಾಗಲೂರು, ಡೆಂಕಣಿಕೋಟೆ ಕಡೆಯ ಕನ್ನಡದ ಮನೆಗಳಲ್ಲಿ ಹಲವರ ಹೊಲಗಳು ಊರಿನ ಅಂಚಿನಲ್ಲಿಯೇ ಇವೆ. ಇನ್ನು ಹಲವರು ಕಾರ್ಖಾನೆಯ ಕೆಲಸಕ್ಕೆಂದು ಊರೊಳಗೆ ಬಾಡಿಗೆ ಮನೆ ಹಿಡಿದವರು. ಯೋಜನೆಯ ಫಲ ಈ ಇಬ್ಬರಿಗೂ ಒಂದೇ ಆಗಿರುವುದಿಲ್ಲ.

ಹೋಲಿಕೆಗೆ ಮೊದಲು ಅಳತೆಗೋಲು ಬೇಕು. ಸಾಮಾನ್ಯವಾಗಿ ಇಂಥ ಚರ್ಚೆಯಲ್ಲಿ ರಸ್ತೆಯನ್ನು ಅಳತೆಗೋಲಾಗಿ ಹಿಡಿಯುತ್ತಾರೆ: ಹೆದ್ದಾರಿ ಎಲ್ಲಿದೆ, ವರ್ತುಲ ರಸ್ತೆ ಎಲ್ಲಿ ಬರುತ್ತದೆ, ಮೆಟ್ರೊ ಬಂದರೆ ನಿಲ್ದಾಣ ಎಲ್ಲಿ ಎಂಬ ಪ್ರಶ್ನೆಗಳೇ ಮುಂದೆ ಬರುತ್ತವೆ. ಹೊಸೂರಿನ ಮಟ್ಟಿಗೆ ಮೊದಲ ಅಳತೆಗೋಲು ನೀರೇ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಊರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಕಾವೇರಿ ನೀರು ಬರುವುದು ಹೊಗೇನಕಲ್‌ನಿಂದ, 2013ರಲ್ಲಿ ಉದ್ಘಾಟನೆಯಾದ ಕುಡಿಯುವ ನೀರು ಮತ್ತು ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಿರುವ ನೀರಿನಿಂದ ಬರುವ ಕಾಯಿಲೆ) ನಿವಾರಣಾ ಯೋಜನೆಯ ಮೂಲಕ. ಆ ಯೋಜನೆ ಧರ್ಮಪುರಿ ಮತ್ತು ಕೃಷ್ಣಗಿರಿ ಎರಡೂ ಜಿಲ್ಲೆಗಳಿಗೆ ಹಂಚಿಕೆಯಾಗುವಂಥದ್ದು, ಮತ್ತು ಜಲಪಾತದ ಬಳಿಯಿಂದ ಹೊಸೂರಿನ ಮಟ್ಟಕ್ಕೆ ನೀರನ್ನು ಐನೂರು ಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿಸಬೇಕು. ರಸ್ತೆಯನ್ನು ಎರಡು ವರ್ಷದಲ್ಲಿ ಹಾಕಬಹುದು. ಇಷ್ಟು ಎತ್ತರಕ್ಕೆ ನೀರೆತ್ತುವ ಹೊಸ ವ್ಯವಸ್ಥೆಗೆ ಹಣ, ವಿದ್ಯುತ್ತು, ಅಂತರರಾಜ್ಯ ಒಪ್ಪಿಗೆ, ಎಲ್ಲವೂ ಕೂಡಿಬರಬೇಕು.

ಲೆಕ್ಕವನ್ನು ಸರಳವಾಗಿ ಹೀಗೆ ಹಾಕಬಹುದು. ಒಳಚರಂಡಿ ಇರುವ ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಕೇಂದ್ರ ಸರ್ಕಾರದ ಮಾರ್ಗಸೂಚಿ. ನಗರಕ್ಕೆ ಹೊಸದಾಗಿ ಮೂರು ಲಕ್ಷ ಜನ ಸೇರಿದರೆ ದಿನಕ್ಕೆ ಸುಮಾರು 4 ಕೋಟಿ ಲೀಟರ್ ಹೆಚ್ಚುವರಿ ನೀರು ಬೇಕಾಗುತ್ತದೆ. ಬಳಸಿದ ನೀರಿನಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಹೊರಬರುತ್ತದೆಂದು ಹಿಡಿದರೆ ದಿನಕ್ಕೆ ಮೂರು ಕೋಟಿ ಲೀಟರಿಗೂ ಹೆಚ್ಚು ಕೊಳಚೆ ನೀರನ್ನು ಶುದ್ಧೀಕರಿಸಬೇಕಾಗುತ್ತದೆ. ಈ ಕೊಳಚೆ ಸೇರುವ ಜಾಗವೂ ನಮಗೆ ಗೊತ್ತಿದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಪೂರ್ವಭಾಗದ ಕೊಳಚೆಯನ್ನು ಹೊತ್ತು ಗಡಿ ದಾಟಿ ಕೆಲವರಪಳ್ಳಿ ಜಲಾಶಯಕ್ಕೆ ಬರುತ್ತದೆ. ಅಣೆಕಟ್ಟೆಯ ಗೇಟು ತೆರೆದಾಗ ಹೊಳೆಯ ಮೇಲೆ ಬೆಟ್ಟದಂತೆ ಏಳುವ ನೊರೆಯನ್ನು ಈ ಭಾಗದ ರೈತರು ವರ್ಷವರ್ಷವೂ ಕಾಣುತ್ತಿದ್ದಾರೆ. ಮೇಲಿನ ನಗರದ ಕೊಳಚೆಯಿಂದ ನೊಂದಿರುವ ನಾವು ನಮ್ಮ ಕೊಳಚೆಯನ್ನು ಹೊಳೆಯ ಕೆಳಗಿನ ಕೃಷ್ಣಗಿರಿ ಅಣೆಕಟ್ಟೆಯ ಕಡೆಯವರಿಗೆ ಹಾಗೆಯೇ ಸಾಗಿಸುವುದು ನ್ಯಾಯವಲ್ಲ. ಆದ್ದರಿಂದ ಕೆಳಗಿನ ಪ್ರತಿಯೊಂದು ದಾರಿಗೂ ನಾನು ಕೇಳುವ ಮೊದಲ ಎರಡು ಪ್ರಶ್ನೆಗಳು ಇವು: ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ. ಖರ್ಚು ಯಾರದು, ಹೊಲ ಮತ್ತು ಕಾಡಿನ ಗತಿ ಏನು, ಎಷ್ಟು ವರ್ಷ ಹಿಡಿಯುತ್ತದೆ ಎಂಬವು ಆಮೇಲಿನವು.

ಒಂದನೆಯ ದಾರಿ: ರಸ್ತೆಗಳ ಗುಂಟ ಬೆಳೆಯುವುದು

ಯಾರೂ ಯೋಜನೆ ಮಾಡದಿದ್ದರೆ ತಾನಾಗಿ ಆಗುವುದು ಇದೇ. ಬೆಂಗಳೂರು–ಕೃಷ್ಣಗಿರಿ ಹೆದ್ದಾರಿ, ಬಾಗಲೂರು ರಸ್ತೆ, ತಳಿ ರಸ್ತೆ, ರಾಯಕೋಟೆ ರಸ್ತೆ, ಡೆಂಕಣಿಕೋಟೆ ರಸ್ತೆಗಳ ಇಕ್ಕೆಲಗಳಲ್ಲಿ ಜಮೀನು ಒಂದೊಂದಾಗಿ ಲೇಔಟ್ ಆಗುತ್ತಾ ಹೋಗುತ್ತದೆ. ಇದರ ಅನುಕೂಲವನ್ನು ಅಲ್ಲಗಳೆಯಲಾಗದು: ಪಾಲಿಕೆಗೆ ಆರಂಭದ ಖರ್ಚಿಲ್ಲ, ಜಮೀನಿನ ಮಾಲೀಕರಿಗೆ ತಕ್ಷಣ ಹಣ ಸಿಗುತ್ತದೆ, ಸೈಟು ಕೊಳ್ಳುವ ಕಾರ್ಖಾನೆಯ ಕಾರ್ಮಿಕರಿಗೆ ಊರೊಳಗಿನ ಬೆಲೆಗಿಂತ ಕಡಿಮೆಗೆ ನೆಲ ದೊರೆಯುತ್ತದೆ.

ತೊಡಕು ತಡವಾಗಿ ಕಾಣಿಸಿಕೊಳ್ಳುತ್ತದೆ. ತಮಿಳುನಾಡಿನ 2019ರ ಸಂಯುಕ್ತ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳ ಪ್ರಕಾರ 10,000 ಚದರ ಮೀಟರಿಗಿಂತ ದೊಡ್ಡ ಲೇಔಟ್ ಮಾಡುವವರು ರಸ್ತೆಯನ್ನು ಬಿಟ್ಟು ಉಳಿದ ನೆಲದಲ್ಲಿ ಶೇಕಡಾ 10ರಷ್ಟನ್ನು ಬಯಲಾಗಿ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಆದರೆ 3,000 ಚದರ ಮೀಟರ್, ಅಂದರೆ ಸುಮಾರು 74 ಸೆಂಟ್‌ವರೆಗಿನ (ನೂರು ಸೆಂಟಿಗೆ ಒಂದು ಎಕರೆ) ಲೇಔಟಿಗೆ ಆ ಕಟ್ಟುಪಾಡಿಲ್ಲ. ಇಪ್ಪತ್ತೈದು ಎಕರೆ ಒಟ್ಟಾಗಿ ಲೇಔಟ್ ಆದರೆ ಮಕ್ಕಳಿಗೆ ಆಟದ ಬಯಲು, ಒಂದು ಅಂಗನವಾಡಿಯ ಜಾಗ, ನೀರಿನ ಟ್ಯಾಂಕಿನ ಜಾಗ ಉಳಿಯುತ್ತದೆ. ಅದೇ ಇಪ್ಪತ್ತೈದು ಎಕರೆ ಅರವತ್ತು ಎಪ್ಪತ್ತು ಸೆಂಟಿನ ತುಂಡುಗಳಾಗಿ ಬೇರೆಬೇರೆ ವರ್ಷಗಳಲ್ಲಿ ಲೇಔಟ್ ಆದರೆ ಏನೂ ಉಳಿಯುವುದಿಲ್ಲ, ಒಂದು ಲೇಔಟಿನ ರಸ್ತೆ ಪಕ್ಕದ ಲೇಔಟಿನ ಗೋಡೆಗೆ ಬಂದು ನಿಲ್ಲುತ್ತದೆ. ಅನುಮೋದನೆಯಿಲ್ಲದ ಸೈಟುಗಳ ಸಂಗತಿಯೂ ಇಲ್ಲಿಯದೇ. 2016ರಲ್ಲಿ ಮದ್ರಾಸ್ ಹೈಕೋರ್ಟ್ ಅಂಥ ಸೈಟುಗಳ ನೋಂದಣಿಗೆ ತಡೆ ಹಾಕಿತು. 2016ರ ಅಕ್ಟೋಬರ್ 20ಕ್ಕೆ ಮುಂಚಿನ ಸೈಟುಗಳನ್ನು ಸಕ್ರಮಗೊಳಿಸಲು 2017ರಲ್ಲಿ ಸರ್ಕಾರ ನಿಯಮ ತಂದಿತು. ಕಾಗದ ಸಕ್ರಮವಾದರೂ ಆ ಬೀದಿಗಳಿಗೆ ಕೊಳವೆ ತಾನಾಗಿ ಬರಲಿಲ್ಲ.

ಈ ದಾರಿಯ ಕೊನೆ ಎಲ್ಲಿ ಎಂದು ನೋಡಲು ಗಡಿಯಾಚೆ ಸ್ವಲ್ಪವೇ ಹೋದರೆ ಸಾಕು. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತದ ನೀರು ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಆ ಹದಿನೇಳು ವರ್ಷ ಬಡಾವಣೆಗಳು ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿ ಬದುಕಿದವು. ಬೆಂಗಳೂರಿಗಿರುವ ವರಮಾನ ಹೊಸೂರು ಪಾಲಿಕೆಗಿಲ್ಲ. ಅದೇ ಹಾದಿ ಹಿಡಿದರೆ ನಮ್ಮ ಕಾಯುವಿಕೆ ಇನ್ನೂ ಉದ್ದವಾಗುತ್ತದೆ.

ಕಾಡಿನ ವಿಷಯವೂ ಇದೆ. ರಾಗಿ ಕೊಯ್ಲಿನ ಕಾಲಕ್ಕೆ ಬನ್ನೇರುಘಟ್ಟ, ಜವಳಗಿರಿಯ ಕಡೆಯಿಂದ ಆನೆಗಳ ಹಿಂಡುಗಳು ಡೆಂಕಣಿಕೋಟೆಯ ಸೀಮೆ ದಾಟಿ ಸಾನಮಾವು ಮೀಸಲು ಅರಣ್ಯದವರೆಗೆ ಬರುತ್ತವೆ. ರಾಯಕೋಟೆ ಮತ್ತು ಡೆಂಕಣಿಕೋಟೆ ರಸ್ತೆಗಳ ಇಕ್ಕೆಲವೂ ಮನೆಗಳ ಸಾಲಾದರೆ ಆನೆಯ ಹಾದಿ ಮುಚ್ಚುತ್ತದೆ, ಆನೆ ಮಾತ್ರ ಬರುವುದನ್ನು ನಿಲ್ಲಿಸುವುದಿಲ್ಲ. ಅದರ ಬೆಲೆಯನ್ನು ರಾತ್ರಿ ಹೊಲ ಕಾಯುವವರು ತೆರಬೇಕಾಗುತ್ತದೆ.

ಎರಡನೆಯ ದಾರಿ: ಊರೊಳಗೇ ತುಂಬಿಕೊಳ್ಳುವುದು

ಈಗಾಗಲೇ ರಸ್ತೆ, ಕೊಳವೆ, ದೀಪ ಇರುವ ಬೀದಿಗಳಲ್ಲಿ ಖಾಲಿ ಬಿದ್ದಿರುವ ಸೈಟುಗಳನ್ನು ಕಟ್ಟಿಸುವುದು, ಒಂದಂತಸ್ತಿನ ಮನೆಗಳಿರುವ ಕಡೆ ಮೂರಂತಸ್ತಿಗೆ ಸರಾಗವಾಗಿ ಅನುಮತಿ ಕೊಡುವುದು, ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣದ ನಡುವಿನ ಪ್ರದೇಶದಲ್ಲಿ ಇನ್ನೂ ಹೆಚ್ಚಿನ ಎತ್ತರಕ್ಕೆ ಅವಕಾಶ ಕೊಡುವುದು ಇದರ ತಿರುಳು. ಒಂದು ಕಿಲೋಮೀಟರ್ ಉದ್ದದ ಬೀದಿಯ ಎರಡೂ ಬದಿಗೆ ಮೂವತ್ತು ಅಡಿ ಅಗಲದ ಸೈಟುಗಳಿದ್ದರೆ ಅಡ್ಡರಸ್ತೆಗಳನ್ನು ಕಳೆದು ಸುಮಾರು 200 ಸೈಟುಗಳು ಆಗುತ್ತವೆ. ಅರ್ಧ ಖಾಲಿಯಿರುವ ಹೊರವಲಯದ ಲೇಔಟಿನಲ್ಲಿ ಆ ಒಂದು ಕಿಲೋಮೀಟರ್ ಕೊಳವೆಯಿಂದ ನೀರು ಪಡೆಯುವುದು ನೂರು ಮನೆ. ಊರೊಳಗೆ ಪ್ರತಿ ಸೈಟಿನಲ್ಲಿ ಮೂರು ಸಂಸಾರಗಳಿದ್ದರೆ ಆರುನೂರು ಮನೆ. ಕೊಳವೆಗೆ, ಅದರ ರಿಪೇರಿಗೆ, ಬೀದಿದೀಪಕ್ಕೆ, ಕಸದ ಗಾಡಿಗೆ ತಗಲುವ ವೆಚ್ಚ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ, ತೆರಿಗೆ ಕಟ್ಟುವ ಮನೆಗಳು ಮಾತ್ರ ಆರು ಪಟ್ಟು. ಹೊಸ ಪಾಲಿಕೆಯ ಬೊಕ್ಕಸಕ್ಕೆ ಇದಕ್ಕಿಂತ ಹಗುರವಾದ ದಾರಿ ಇಲ್ಲ.

ಆದರೂ ಇದೊಂದೇ ಸಾಕಾಗುವುದಿಲ್ಲ. ಹಳೆಯ ಬೀದಿಗಳ ಕೊಳವೆ ಹಳೆಯ ಜನಸಂಖ್ಯೆಗೆ ಹಾಕಿದ್ದು. ಒಳಚರಂಡಿಯ ಜಾಲ ಮೊದಲು ಪೂರ್ಣಗೊಳ್ಳದೆ ಅಂತಸ್ತು ಏರಿಸಿದರೆ ಶೌಚದ ನೀರು ಮಳೆಚರಂಡಿಗೂ ಅಲ್ಲಿಂದ ರಾಮನಾಯಕನ ಕೆರೆಯಂಥ ಕೆರೆಗಳಿಗೂ ಸೇರುವುದು ಖಚಿತ. ಬಾಡಿಗೆದಾರರ ದೃಷ್ಟಿಯಿಂದಲೂ ಎಚ್ಚರ ಬೇಕು: ಒಂದಂತಸ್ತಿನ ಹಳೆಯ ಮನೆ ಕೆಡವಿ ಮೂರಂತಸ್ತು ಕಟ್ಟಿದ ಮೇಲೆ ಹಳೆಯ ಬಾಡಿಗೆಗೆ ಅಲ್ಲಿ ಜಾಗ ಸಿಗುವುದಿಲ್ಲ. ಮತ್ತಿಗಿರಿಯ ಜಾನುವಾರು ಸಾಕಣೆ ಕೇಂದ್ರದ ವಿಶಾಲವಾದ ಸರ್ಕಾರಿ ನೆಲದ ಮೇಲೆ ಈ ನೆಪದಲ್ಲಿ ಕಣ್ಣು ಬೀಳುವ ಅಪಾಯವೂ ಇದೆ. 1824ರಿಂದ ಉಳಿದುಬಂದ ಆ ಬಯಲು ಮಳೆನೀರು ನೆಲಕ್ಕಿಳಿಯುವ ಜಾಗ. ಅದನ್ನು ‘ಖಾಲಿ’ ನೆಲಗಳ ಪಟ್ಟಿಗೆ ಸೇರಿಸಬಾರದು.

ಮೂರನೆಯ ದಾರಿ: ಜಮೀನು ಒಗ್ಗೂಡಿಸಿ ಬಡಾವಣೆ ಮಾಡುವುದು

ರೈತರು ಹೆಚ್ಚು ಭಯಪಡುವುದೂ, ಹಾಗೆಯೇ ಹೆಚ್ಚು ತಿಳಿದುಕೊಳ್ಳಬೇಕಾದದ್ದೂ ಈ ದಾರಿಯನ್ನೇ. ಇಲ್ಲಿ ಸರ್ಕಾರ ಜಮೀನನ್ನು ಕೊಂಡುಕೊಳ್ಳುವುದಿಲ್ಲ. ಒಂದು ಪ್ರದೇಶದ ಎಲ್ಲ ಪಟ್ಟಾದಾರರ (ಭೂದಾಖಲೆಯಲ್ಲಿ ಹೆಸರಿರುವ ಮಾಲೀಕರ) ನೆಲವನ್ನು ಕಾಗದದ ಮೇಲೆ ಒಟ್ಟುಗೂಡಿಸಿ, ರಸ್ತೆ, ಉದ್ಯಾನ, ಶಾಲೆ, ನೀರಿನ ಟ್ಯಾಂಕು, ಕೊಳಚೆ ಶುದ್ಧೀಕರಣ ಘಟಕಗಳಿಗೆ ಬೇಕಾದಷ್ಟನ್ನು ತೆಗೆದಿರಿಸಿ, ಉಳಿದದ್ದನ್ನು ನೇರವಾದ ಗಡಿಗಳಿರುವ ಸೈಟುಗಳಾಗಿ ಅದೇ ಮಾಲೀಕರಿಗೆ ಹಿಂದಿರುಗಿಸುತ್ತಾರೆ. ಭಾರತದಲ್ಲಿ ಇದರ ಬೇರು 1915ರ ಬಾಂಬೆ ನಗರ ಯೋಜನಾ ಕಾಯ್ದೆಯಲ್ಲಿದೆ; ಇಂದು ಹೆಚ್ಚು ಬಳಸುತ್ತಿರುವುದು ಗುಜರಾತ್. ಅಲ್ಲಿನ 1976ರ ಕಾಯ್ದೆ ರಸ್ತೆಗೆ ಶೇಕಡಾ 15, ಉದ್ಯಾನ ಮತ್ತು ಆಟದ ಬಯಲಿಗೆ 5, ಶಾಲೆ ಆಸ್ಪತ್ರೆಗಳಿಗೆ 5, ಮೂಲಸೌಕರ್ಯದ ಖರ್ಚಿಗೆ ಮಾರಲು 15 ಎಂದು ಹಂಚಿಕೆಯ ಮಾದರಿಯನ್ನೇ ಕೊಡುತ್ತದೆ. ಅಹಮದಾಬಾದಿನ 76 ಕಿಲೋಮೀಟರ್ ಉದ್ದದ ಸರ್ದಾರ್ ಪಟೇಲ್ ವರ್ತುಲ ರಸ್ತೆಗೆ ನೆಲ ದೊರಕಿಸಿಕೊಳ್ಳಲು ನೆರವಾದದ್ದು ಇದೇ ವಿಧಾನ. ತಮಿಳುನಾಡಿನ 1971ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೂ ತಿದ್ದುಪಡಿಯ ಮೂಲಕ ಭೂಮಿ ಒಗ್ಗೂಡಿಸುವ ಅವಕಾಶ ಸೇರಿದೆ.

ಎರಡು ಎಕರೆಯ ಮಾಲೀಕರೊಬ್ಬರ ಲೆಕ್ಕ ನೋಡೋಣ. ಶೇಕಡಾ 40 ಬಿಟ್ಟುಕೊಟ್ಟರೆ 200 ಸೆಂಟಿನಲ್ಲಿ 120 ಸೆಂಟ್ ಅವರಿಗೆ ಮರಳುತ್ತದೆ. ಹೊಲಕ್ಕೆ ದಾರಿಯೇ ಇಲ್ಲದವರಿಗೆ, ಜಮೀನು ಉದ್ದನೆಯ ಪಟ್ಟಿಯಂತಿರುವವರಿಗೆ ಇದು ನಿಜವಾದ ಲಾಭ, ಏಕೆಂದರೆ ಮರಳಿಬಂದ ನೆಲದ ಮುಂದೆ ರಸ್ತೆಯೂ ಕೆಳಗೆ ಕೊಳವೆಯೂ ಇರುತ್ತದೆ. ಈಗಾಗಲೇ ಮುಖ್ಯರಸ್ತೆಗೆ ತಾಗಿದ ಜಮೀನಿನವರಿಗೆ ಲಾಭ ಕಡಿಮೆ, ಅವರ ವಿರೋಧ ಸಹಜ. 2013ರ ಭೂಸ್ವಾಧೀನ ಕಾಯ್ದೆಯ ಕೆಳಗೆ ನೆಲ ಬಿಟ್ಟುಕೊಟ್ಟರೆ ಗ್ರಾಮಾಂತರದಲ್ಲಿ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಪರಿಹಾರ ಸಿಗಬಹುದು, ಆದರೆ ಆಮೇಲೆ ಆ ನೆಲದ ಏರುವ ಬೆಲೆಯಲ್ಲಿ ಪಾಲಿಲ್ಲ. ಒಗ್ಗೂಡಿಸುವಿಕೆಯಲ್ಲಿ ಕೈಗೆ ಹಣ ಬರುವುದಿಲ್ಲ, ಬೆಲೆ ಏರಿದಾಗ ಪಾಲು ಉಳಿಯುತ್ತದೆ. ಸ್ವಂತ ನೆಲವಿಲ್ಲದೆ ಗುತ್ತಿಗೆಗೆ ಗುಲಾಬಿ, ಟೊಮೆಟೊ, ಎಲೆಕೋಸು ಬೆಳೆಯುವವರಿಗೂ, ಆ ತೋಟಗಳಲ್ಲಿ ಕೂಲಿ ಮಾಡುವವರಿಗೂ ಈ ಎರಡೂ ವಿಧಾನಗಳಲ್ಲಿ ಸಾಕಷ್ಟು ಸಿಗುವುದಿಲ್ಲ ಎಂಬುದನ್ನು ಮರೆಮಾಚದೆ ಹೇಳಬೇಕು. ಯೋಜನೆಯಲ್ಲಿ ಅವರಿಗೆ ಸಣ್ಣ ಸೈಟು ಅಥವಾ ಮನೆ ಮೀಸಲಿಡುವ ಕರಾರು ಇಲ್ಲದಿದ್ದರೆ ಅದನ್ನು ಒಪ್ಪಬಾರದು.

ಎಚ್ಚರಿಕೆಗೆ ಎರಡು ಉದಾಹರಣೆಗಳು ಸಾಕು. ಪುಣೆಯ ಹತ್ತಿರದ ಮಗರಪಟ್ಟದಲ್ಲಿ ರೈತರೇ ಸೇರಿ ತಮ್ಮ ಸುಮಾರು 400 ಎಕರೆಯನ್ನು ಒಗ್ಗೂಡಿಸಿ, ತಮ್ಮದೇ ಕಂಪನಿ ಕಟ್ಟಿಕೊಂಡು ಊರು ಬೆಳೆಸಿದರು. ನೆಲದ ಪಾಲಿಗೆ ತಕ್ಕಂತೆ ಷೇರು ಪಡೆದರು. ಆಂಧ್ರದ ಅಮರಾವತಿಯಲ್ಲಿ 2015ರಲ್ಲಿ 33,000 ಎಕರೆಗೂ ಹೆಚ್ಚು ನೆಲವನ್ನು ರೈತರು ನಂಬಿಕೊಟ್ಟರು. 2019ರಲ್ಲಿ ಸರ್ಕಾರ ಬದಲಾದಾಗ ಕೆಲಸ ನಿಂತು, ಬೆಳೆಯೂ ಇಲ್ಲದೆ ಸೈಟೂ ಇಲ್ಲದೆ ವರ್ಷಗಳು ಕಳೆದವು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಾಣುವುದು ಇಷ್ಟು: ಯೋಜನೆಯ ಗಾತ್ರ ಚಿಕ್ಕದಾಗಿರಬೇಕು, ಒಂದು ಮಂಡಳಿಯ ಅವಧಿಯೊಳಗೆ ರಸ್ತೆ ಮತ್ತು ಕೊಳವೆಯ ಕೆಲಸ ಮುಗಿಯುವಂತಿರಬೇಕು, ಕೆಲಸ ಮುಗಿಯುವವರೆಗೆ ವಾರ್ಷಿಕ ಪರಿಹಾರ ಬರೆದುಕೊಟ್ಟಿರಬೇಕು. ಇನ್ನೂರು ಮುನ್ನೂರು ಎಕರೆಯ ಯೋಜನೆಗಳನ್ನು ಒಂದರ ನಂತರ ಒಂದಾಗಿ ಮಾಡುವುದು ಸಾವಿರಾರು ಎಕರೆಯ ಘೋಷಣೆಗಿಂತ ಮೇಲು.

ನೀರಿನ ದೃಷ್ಟಿಯಿಂದ ಈ ದಾರಿಗೆ ಒಂದು ದೊಡ್ಡ ಬಲವಿದೆ. ಕೆರೆ, ಅದರ ಕೋಡಿ, ರಾಜಕಾಲುವೆ, ಪುರಂಬೋಕು (ಸರ್ಕಾರಿ ಸಾರ್ವಜನಿಕ) ನೆಲಗಳನ್ನು ನಕ್ಷೆಯ ಮೇಲೆ ಮೊದಲೇ ಗುರುತಿಸಿ ಅವುಗಳ ಸುತ್ತ ಬೀದಿಗಳನ್ನು ಬರೆಯುವ ಅವಕಾಶ ಇಲ್ಲಿ ಮಾತ್ರ ಸಿಗುತ್ತದೆ. ಕೊಳಚೆ ಘಟಕಕ್ಕೆ ತಗ್ಗಿನ ಜಾಗ ಬೇಕು. ರಸ್ತೆಗಳ ಗುಂಟ ಬೆಳೆದ ಊರಿನಲ್ಲಿ ಆ ತಗ್ಗಿನ ಜಾಗ ಯಾರದೋ ಸೈಟಾಗಿ ಆಗಲೇ ಮಾರಾಟವಾಗಿರುತ್ತದೆ.

ನಾಲ್ಕನೆಯ ದಾರಿ: ಸುತ್ತಲಿನ ಊರುಗಳನ್ನು ಬೆಳೆಸುವುದು

ಬಾಗಲೂರು, ಶೂಲಗಿರಿ, ಕೆಲಮಂಗಲಗಳನ್ನು ತಮ್ಮದೇ ಮಾರುಕಟ್ಟೆ, ಕಾಲೇಜು, ಆಸ್ಪತ್ರೆ ಇರುವ ಪಟ್ಟಣಗಳಾಗಿ ಬೆಳೆಸಿ, ನಡುವೆ ಹೊಲ, ತೋಟ, ಕಾಡುಗಳನ್ನು ಹಾಗೆಯೇ ಬಿಡುವುದು ಈ ದಾರಿ. ಹೂವಿನ ತೋಟಗಳಿಗೂ ಆನೆಯ ಹಾದಿಗೂ ಇದು ಒಳ್ಳೆಯದು. ಆದರೆ ಇದನ್ನು ಹೊಸೂರು ಪಾಲಿಕೆ ಒಂಟಿಯಾಗಿ ಮಾಡಲಾರದು, ಪಾಲಿಕೆಯ ಎಲ್ಲೆಯ ಹೊರಗಿನ ಊರುಗಳ ಮೇಲೆ ಅದಕ್ಕೆ ಅಧಿಕಾರವಿಲ್ಲ. ಜಿಲ್ಲಾ ಯೋಜನಾ ಸಮಿತಿಗೆ ಸಂವಿಧಾನದ 243ಝಡ್‌ಡಿ ವಿಧಿ ಕೊಟ್ಟಿರುವ ಕೆಲಸ ಇಂಥದ್ದೇ. ಅಲ್ಲಿ ಕೃಷ್ಣಗಿರಿ ಜಿಲ್ಲೆಯ ಪಂಚಾಯಿತಿಗಳೂ ನಗರಗಳೂ ಕೂಡಿ ಕೂರಬೇಕು. ಅರ್ಧ ಗಂಟೆಗೊಂದು ಬಸ್ಸು ರಾತ್ರಿ ಪಾಳಿಯವರೆಗೂ ಓಡದಿದ್ದರೆ ಈ ಊರುಗಳು ಹೊಸೂರಿನ ಮಲಗುವ ಕೋಣೆಗಳಾಗಿ, ಬೆಳಗ್ಗೆ ಸಂಜೆ ಬೈಕುಗಳ ಸಾಲು ಮಾತ್ರ ಹೆಚ್ಚುತ್ತದೆ.

ವಿಮಾನ ನಿಲ್ದಾಣದ ಮಾತು ಈ ಹೋಲಿಕೆಯನ್ನು ಕಲಕುತ್ತಿದೆ. 2024ರ ಜೂನ್‌ನಲ್ಲಿ ತಮಿಳುನಾಡು ಮುಖ್ಯಮಂತ್ರಿ ವಿಧಾನಸಭೆಯಲ್ಲಿ ಹೊಸೂರಿಗೆ 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರ ಸಾಮರ್ಥ್ಯದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಪ್ರಕಟಿಸಿದರು. ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ 2033ರವರೆಗೆ ಇನ್ನೊಂದು ನಿಲ್ದಾಣಕ್ಕೆ ತಡೆಯಿದೆ ಎಂಬುದನ್ನು ನೆಲ ಕೊಳ್ಳುವವರೂ ಮಾರುವವರೂ ನೆನಪಿಡುವುದು ಒಳ್ಳೆಯದು. ನಿಲ್ದಾಣ ಬರಬಹುದು, ಆದರೆ ಬರುವ ಹತ್ತು ವರ್ಷಗಳ ಕೊಳವೆ ಮತ್ತು ಚರಂಡಿಯ ಯೋಜನೆಯನ್ನು ಅದರ ಮೇಲೆ ನಿಲ್ಲಿಸಬಾರದು.

ಯಾರಿಗೆ ಯಾವುದು

ಊರೊಳಗೆ ಬಾಡಿಗೆಗೆ ಇರುವ ಕಾರ್ಮಿಕರಿಗೆ ಎರಡನೆಯ ದಾರಿ, ಕಡಿಮೆ ಬಾಡಿಗೆಯ ಮನೆಗಳ ಕರಾರಿನೊಂದಿಗೆ, ಎಲ್ಲಕ್ಕಿಂತ ಹಿತ: ಕೆಲಸ, ಶಾಲೆ, ಆಸ್ಪತ್ರೆ ಹತ್ತಿರ. ಅಂಚಿನ ಸಣ್ಣ ಹಿಡುವಳಿದಾರರಿಗೆ ಮೂರನೆಯದು ಉತ್ತಮ, ಕರಾರು ಗಟ್ಟಿಯಿದ್ದರೆ. ಹೆದ್ದಾರಿಗೆ ತಾಗಿದ ದೊಡ್ಡ ಜಮೀನಿನವರಿಗೆ ಮತ್ತು ಸೈಟು ವ್ಯಾಪಾರಿಗಳಿಗೆ ಒಂದನೆಯದು. ಬೇಸಾಯ ಬಿಡಲು ಮನಸ್ಸಿಲ್ಲದ ತಳಿ, ಕೆಲಮಂಗಲದ ರೈತರಿಗೆ ನಾಲ್ಕನೆಯದು. ಪಾಲಿಕೆಯ ಖರ್ಚಿನಲ್ಲಿ ಎರಡನೆಯದು ಅತಿ ಅಗ್ಗ. ಮೂರನೆಯದು ಮೊದಲು ದುಬಾರಿ, ಮುಂದೆ ಹಗುರ. ಒಂದನೆಯದು ಮೊದಲು ಹಗುರ, ಮುಂದೆ ತೀರದ ಸಾಲ.

ನಾನು ಬೆಂಬಲಿಸುವುದು ಹೀಗೊಂದು ಕ್ರಮವನ್ನು. ಮೊದಲ ಐದು ವರ್ಷ ಒಳಚರಂಡಿ ಪೂರ್ಣಗೊಳಿಸಿ ಊರೊಳಗಿನ ಖಾಲಿ ಸೈಟುಗಳನ್ನು ತುಂಬಿಸುವುದು. ಅದೇ ಹೊತ್ತಿಗೆ, ನಾಲ್ಕೂ ದಿಕ್ಕಿಗೆ ಹರಡದೆ, ನೀರಿನ ಮುಖ್ಯ ಕೊಳವೆ ತಲುಪುವ ಒಂದೇ ಕಡೆಯಲ್ಲಿ ಮುನ್ನೂರು ಎಕರೆ ಮೀರದ ಒಂದು ಒಗ್ಗೂಡಿಸುವ ಯೋಜನೆಯನ್ನು ಮಾಡಿ ಮುಗಿಸಿ ತೋರಿಸುವುದು. ಸಾನಮಾವು ಕಡೆಯ ರಸ್ತೆಬದಿಗಳನ್ನು ಕೃಷಿ ವಲಯವಾಗಿಯೇ ಉಳಿಸುವುದು. ಶುದ್ಧೀಕರಿಸಿದ ಕೊಳಚೆ ನೀರನ್ನು ಸಿಪ್‌ಕಾಟ್ ಕಾರ್ಖಾನೆಗಳಿಗೆ ಕೊಟ್ಟರೆ, ಅವು ಈಗ ಬಳಸುವ ಒಳ್ಳೆಯ ನೀರಿನ ಒಂದು ಪಾಲು ಮನೆಗಳಿಗೆ ಉಳಿಯುತ್ತದೆ. ಹೊಗೇನಕಲ್‌ನಿಂದ ಇನ್ನಷ್ಟು ನೀರೆತ್ತುವುದಕ್ಕಿಂತ ಇದು ಬೇಗ ಆಗುವ ಕೆಲಸ.

ಯೋಜನೆಯ ಕರಡು ಪ್ರಕಟವಾದಾಗ ಲಿಖಿತ ಆಕ್ಷೇಪ ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ. 2022ರ ನಿಯಮಗಳ ನಂತರ ವಾರ್ಡ್ ಸಮಿತಿ ಮತ್ತು ಏರಿಯಾ ಸಭೆಗಳೂ (ವಾರ್ಡಿನ ಒಂದೊಂದು ಭಾಗದ ನಿವಾಸಿಗಳ ಸಭೆಗಳು) ಇವೆ. ‘ನಮ್ಮ ಊರಿಗೆ ತೊಂದರೆಯಾಗುತ್ತದೆ’ ಎಂಬ ಮಾತಿಗೆ ಕಡತದಲ್ಲಿ ಬೆಲೆ ಕಡಿಮೆ. ಸರ್ವೆ ನಂಬರು, ಪಟ್ಟಾ ಮತ್ತು ಚಿಟ್ಟಾ ಎಂಬ ಭೂದಾಖಲೆಗಳ ಪ್ರತಿ, ಕೆರೆಯ ಹೆಸರು, ಕೋಡಿ ಹರಿಯುವ ದಿಕ್ಕು, ಕಳೆದ ಮಳೆಗಾಲದಲ್ಲಿ ನೀರು ನಿಂತ ಬೀದಿಯ ಫೋಟೊ ಇವುಗಳನ್ನು ಜೊತೆಗಿಡಬೇಕು. ಕರಡು ನಕ್ಷೆಯ ವಿವರಣೆಯನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಕೊಡಬೇಕೆಂದು ಏರಿಯಾ ಸಭೆಯಲ್ಲಿ ನಿರ್ಣಯ ಬರೆಸಿ, ಅದರ ಪ್ರತಿಯನ್ನು ಕೌನ್ಸಿಲರರಿಂದ ಸಹಿ ಮಾಡಿಸಿಕೊಂಡು, ಪಾಲಿಕೆಯ ಕಚೇರಿಯಲ್ಲೂ ಯೋಜನಾ ಪ್ರಾಧಿಕಾರದ ಕಚೇರಿಯಲ್ಲೂ ಕೊಟ್ಟು ಸ್ವೀಕೃತಿ ಪಡೆಯಿರಿ. ತಮಿಳು ಓದಲು ಬಾರದ ಹಿರಿಯರ ಹೆಸರಿನಲ್ಲಿ ಜಮೀನಿದ್ದರೆ, ನಕ್ಷೆಯಲ್ಲಿ ಅವರ ಸರ್ವೆ ನಂಬರು ಯಾವ ಬಣ್ಣದ ವಲಯದಲ್ಲಿದೆ ಎಂಬುದನ್ನು ಆಕ್ಷೇಪದ ಗಡುವಿಗೆ ಮೊದಲೇ ಯಾರಾದರೂ ಅವರಿಗೆ ಓದಿ ಹೇಳಬೇಕು.